ಹವ್ಯಾಸಿ ಓದುಗರ ಪುಸ್ತಕವಿಮರ್ಶೆ: ಸ್ವಾಧ್ಯಾಯದ ನೋಟದಿಂದ

ಗುರುಮಠಕಲ್‌ನಿಂದ ಉತ್ತರಕ್ಕೆ ಸೇಡಂ ಹಾದಿ ಹಿಡಿದು, ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗನ (814-878) ಆಸ್ಥಾನದಲ್ಲಿ ರಚಿತವಾದ ಶ್ರೀವಿಜಯನ ಕವಿರಾಜಮಾರ್ಗವು ಕನ್ನಡ ನಾಡಿನ ಜನರ ಬಗ್ಗೆ ಅಭಿಮಾನದ ಮಾತೊಂದನ್ನು ಆಡಿದೆ. ಶಾಸ್ತ್ರಕ್ರಮದಲ್ಲಿ ಓದದಿದ್ದರೂ ಇಲ್ಲಿಯ ಜನಕ್ಕೆ ಕಾವ್ಯದ ಒಳಗು ತಿಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಆ ಮಾತಿಗೆ ಹನ್ನೊಂದು ಶತಮಾನಗಳು ಕಳೆದ ಮೇಲೆ ನಡೆದ 2011ರ ಜನಗಣತಿಯಲ್ಲಿ, ಗುರುಮಠಕಲ್ ಸೇರಿರುವ ಯಾದಗಿರಿ ಜಿಲ್ಲೆಯು ಸಾಕ್ಷರತೆಯಲ್ಲಿ ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿತ್ತು. ಅಕ್ಷರ ಬಲ್ಲವರು ನೂರಕ್ಕೆ ಸುಮಾರು 52 ಮಂದಿ.

ಒಂದು ಅಭಿಮಾನದ ಮಾತು, ಇನ್ನೊಂದು ನಾಚಿಕೆಯ ಲೆಕ್ಕ. ಮೇಲುನೋಟಕ್ಕೆ ಇವೆರಡೂ ಒಂದೇ ನೆಲದ ಸಂಗತಿಗಳೆಂದು ನಂಬುವುದು ಕಷ್ಟ. ಆದರೆ ಈ ಸೀಮೆಯ ಊರುಗಳಲ್ಲಿ ಶ್ರಾವಣ ಮಾಸದ ಪುರಾಣ ಪ್ರವಚನಗಳನ್ನು ಬಲ್ಲವರಿಗೆ ಇದರಲ್ಲಿ ವಿರೋಧ ಕಾಣದು. ಮಠದಲ್ಲಿ ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಅಕ್ಷರ ಬಾರದ ನೂರು ಮಂದಿ ಕೇಳುತ್ತಾರೆ. ಮರುದಿನ ಹೊಲದ ಬದುವಿನಲ್ಲೋ ಅಗಸಿಯ ಕಟ್ಟೆಯಲ್ಲೋ “ನಿನ್ನಿ ಪುರಾಣದಾಗ ಏನು ಬಂತು?” ಎಂಬ ಪ್ರಶ್ನೆ ಏಳುತ್ತದೆ. ಕೇಳಿ ಬಂದವನು ಕಥೆ ಹೇಳುತ್ತಾನೆ, ಶಾಸ್ತ್ರಿಗಳು ಎಲ್ಲಿ ಚೆನ್ನಾಗಿ ಹೇಳಿದರು, ಎಲ್ಲಿ ಎಳೆದರು ಎಂಬುದನ್ನೂ ಹೇಳುತ್ತಾನೆ. ಹೀಗೆ ಕಟ್ಟೆಯ ಮೇಲೆ ನಡೆಯುವುದು ಹವ್ಯಾಸಿ ವಿಮರ್ಶೆಯೇ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದುವಾಗಿದ್ದಾಗ ಈ ಭಾಗದಲ್ಲಿ ಕನ್ನಡದ ಓದು ಉಳಿದುಕೊಂಡದ್ದು ಬಹುಮಟ್ಟಿಗೆ ಇಂಥ ಶಾಲೆಯಾಚೆಯ ಜಾಗಗಳಲ್ಲಿ. ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಗಡಿಯ ಊರಿಗೆ, ಓದಿದವರು ಓದದವರಿಗೆ ಪುಸ್ತಕವನ್ನು ದಾಟಿಸುವ ಈ ಪದ್ಧತಿ ಹೊಸತಲ್ಲ.

ಇಂದು ಆ ಕಟ್ಟೆಯ ಕೆಲಸದ ಒಂದು ಪಾಲನ್ನು ಮೊಬೈಲ್ ವಹಿಸಿಕೊಂಡಿದೆ. ಶಿಕ್ಷಕರು, ಬ್ಯಾಂಕಿನ ಗುಮಾಸ್ತರು, ಗೃಹಿಣಿಯರು, ಎಂಜಿನಿಯರುಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ತರುಣರು ತಾವು ಓದಿದ ಪುಸ್ತಕದ ಬಗ್ಗೆ ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪ್ ಬಳಗಗಳಲ್ಲಿ, ಗುಡ್‌ರೀಡ್ಸ್‌ನಲ್ಲಿ ಹತ್ತು ಸಾಲು ಬರೆದು ಹಂಚುತ್ತಾರೆ. ಬೆಂಗಳೂರಿನ ಓದುಗನಿಗೆ ಇದು ಅನೇಕ ಅನುಕೂಲಗಳಲ್ಲಿ ಒಂದು. ಅವನು ಅಂಗಡಿಗೆ ಹೋಗಿ ಪುಸ್ತಕವನ್ನು ಕೈಯಲ್ಲಿ ಹಿಡಿದು, ನಡುವಿನ ನಾಲ್ಕು ಪುಟ ಓದಿ, ಬೇಡವೆನಿಸಿದರೆ ಅಲ್ಲೇ ಇಟ್ಟು ಬರಬಲ್ಲ. ಬಿಡುಗಡೆ ಸಮಾರಂಭಗಳು, ವಿಚಾರಗೋಷ್ಠಿಗಳು ಬಹುಪಾಲು ನಡೆಯುವುದೂ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿಯೇ. ಗುರುಮಠಕಲ್‌ನ ಓದುಗ ಹೊಸ ಪುಸ್ತಕವನ್ನು ಅಂಚೆಯಲ್ಲಿ ತರಿಸುವ ಮುನ್ನ ಅವನ ಕಣ್ಣೆದುರು ಇರುವುದು, ಎಂದೂ ನೋಡದ ಮನುಷ್ಯನೊಬ್ಬನ ಹತ್ತು ಸಾಲು. ಅವು ಸುಳ್ಳಾದರೆ ಪುಸ್ತಕದ ಬೆಲೆ ಮತ್ತು ಅಂಚೆಯ ಖರ್ಚು ಹೋಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮುಂದಿನ ಪುಸ್ತಕವನ್ನು ತರಿಸುವ ಮನಸ್ಸೂ ಹೋಗುತ್ತದೆ.

ಪಂಡಿತ ವಲಯದಲ್ಲಿ ಈ ಬರೆಹಗಳ ಬಗ್ಗೆ ತಾತ್ಸಾರವಿದೆ. ಅವು ವಿಮರ್ಶೆಯಲ್ಲ, ಮೆಚ್ಚುಗೆಯ ಉದ್ಗಾರಗಳು. ಅವುಗಳಲ್ಲಿ ಪರಿಭಾಷೆಯಿಲ್ಲ, ಪರಂಪರೆಯ ಅರಿವಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ದೂರುವವರು ತಮ್ಮ ಕಡೆಯ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ವಿಶ್ವವಿದ್ಯಾಲಯದ ವಿಮರ್ಶೆ ಬಹುಕಾಲದಿಂದ ತನ್ನವರಿಗಾಗಿಯೇ ಬರೆದುಕೊಳ್ಳುತ್ತಿದೆ. ಅದನ್ನು ಓದಿ ಪುಸ್ತಕ ಕೊಂಡವರು ಎಷ್ಟು ಮಂದಿ? ಓದುಗನಿಗೆ ಓದುಗ ಹೇಳುವ ಮಾತನ್ನು ಸಾಹಿತ್ಯಶಾಸ್ತ್ರದ ಅಳತೆಗೋಲಿನಿಂದ ಅಳೆದು ಕುಳ್ಳ ಎನ್ನುವುದು ನ್ಯಾಯವಲ್ಲ. ಅದಕ್ಕೆ ಬೇರೆಯೇ ಅಳತೆ ಇದೆ, ಅದು ಸಾಕಷ್ಟು ಕಠಿಣವಾದ ಅಳತೆಯೂ ಹೌದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿ, ಅದಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಪಾಠವನ್ನೂ ಅರ್ಥವನ್ನೂ ದೋಷವಿಲ್ಲದೆ ಒಪ್ಪಿಸುವುದು, ಸಂಶಯ ಬಂದಲ್ಲಿ ಕೇಳುವುದು, ತಿಳಿದದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಸುವುದು, ಪಾಠವನ್ನು ತಪ್ಪಿಲ್ಲದೆ ಮರುನುಡಿಯುವುದು, ಇಷ್ಟೆಲ್ಲ ಆದ ಮೇಲೆ ಇನ್ನೊಬ್ಬರಿಗೆ ಹೇಳುವುದು. ಹೇಳುವುದು ಕೊನೆಯಲ್ಲಿದೆ. ಆಗಮಗಳ ಅಧ್ಯಯನಕ್ಕಾಗಿ ಹೇಳಿದ ಈ ಕ್ರಮವನ್ನು ಕಾದಂಬರಿಯ ಓದಿಗೆ ಹೊಂದಿಸುವುದು ಅತಿಯೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಓದುವುದಕ್ಕೂ ಹೇಳುವುದಕ್ಕೂ ನಡುವೆ ಮೂರು ಮೆಟ್ಟಿಲುಗಳಿವೆ ಎಂಬ ತಿಳಿವಳಿಕೆ ಯಾವ ಪುಸ್ತಕದ ಓದಿಗೂ ಸಲ್ಲುತ್ತದೆ. ಇಂದಿನ ಹವ್ಯಾಸಿ ವಿಮರ್ಶೆಯ ದೋಷ ಪರಿಭಾಷೆಯ ಕೊರತೆಯಲ್ಲ. ಮೊದಲ ಮೆಟ್ಟಿಲಿನಿಂದ ನೇರವಾಗಿ ಕೊನೆಯದಕ್ಕೆ ನೆಗೆಯುವ ಅವಸರ.

ವಾಚನೆಯಿಂದಲೇ ತೊಡಗಬಹುದು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ ಓದಿ ಕಣ್ಣು ತುಂಬಿ ಬಂತೆಂದು ಒಬ್ಬರು ಬರೆಯುತ್ತಾರೆ. ಸಂತೋಷ. ಆದರೆ ಅವರು ಓದಿದ್ದು ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಮೂಲಪಾಠವನ್ನೋ, ಹೊಸಗನ್ನಡದ ಗದ್ಯಾನುವಾದವನ್ನೋ, ಮಕ್ಕಳಿಗಾಗಿ ಯಾರೋ ಸಂಗ್ರಹಿಸಿದ ಕಥೆಯನ್ನೋ? ಪಂಪಭಾರತವನ್ನು ಓದಿ ಮುಗಿಸಿದೆನೆಂಬ ಘೋಷಣೆಗಳಲ್ಲಿಯೂ ಇದೇ ಗೊಂದಲ. ಗದ್ಯಾನುವಾದವನ್ನು ಓದುವುದರಲ್ಲಿ ಅವಮಾನವೇನೂ ಇಲ್ಲ. ಹಳಗನ್ನಡ ಕಾವ್ಯಗಳು ಇಂದಿಗೂ ಉಸಿರಾಡುತ್ತಿರುವುದು ಬಹುಪಾಲು ಅಂಥ ಅನುವಾದಗಳಿಂದಲೇ. ಆದರೆ ಅನುವಾದ ಓದಿ ಪಂಪನ ಪದ್ಯಬಂಧವನ್ನು ಹೊಗಳಿದರೆ ಅದು ಕಾಣದ ಊರಿನ ವರ್ಣನೆಯಾಗುತ್ತದೆ. ಯಾವ ಪಾಠ, ಯಾರ ಸಂಪಾದನೆ ಎಂದು ಒಂದು ಸಾಲು ಬರೆದರೆ ಪ್ರಾಮಾಣಿಕತೆಯೂ ಉಳಿಯುತ್ತದೆ, ಓದಬಯಸುವವರಿಗೆ ದಾರಿಯೂ ತಿಳಿಯುತ್ತದೆ.

ಪೃಚ್ಛನೆಯ ಸ್ಥಿತಿ ಇದಕ್ಕಿಂತ ಶೋಚನೀಯ. ವಿಮರ್ಶೆ ಬರೆದವರನ್ನು ಪ್ರಶ್ನಿಸುವುದೆಂದರೆ ಅವಮಾನಿಸುವುದೆಂಬ ಭಾವನೆ ಬೆಳೆದುಬಿಟ್ಟಿದೆ. ಒಂದು ಪುಸ್ತಕದ ಬಗ್ಗೆ ಐವತ್ತು ಮಂದಿ “ಚೆಂದದ ಬರಹ, ಅಭಿನಂದನೆಗಳು” ಎನ್ನುವ ಕಡೆಯಲ್ಲಿ, ಐವತ್ತೊಂದನೆಯವನು “ಮೂರನೆಯ ಅಧ್ಯಾಯದಲ್ಲಿ ಹೇಳಿರುವ ಶಾಸನದ ಕಾಲ ಸರಿಯೇ?” ಎಂದು ಕೇಳಿದರೆ ಅವನು ಅಸೂಯೆಯವನೆನಿಸಿಕೊಳ್ಳುತ್ತಾನೆ. ತನ್ನ ಕೃತಿಯನ್ನು ಪರೀಕ್ಷಿಸಬಯಸುವವನ ಎದೆಗಾರಿಕೆಯನ್ನೇ ಕೆಣಕಿದ ರನ್ನನ ಭಾಷೆಯಿದು. ಪರೀಕ್ಷೆಗೆ ಎದೆಗಾರಿಕೆ ಬೇಕೆಂದು ರನ್ನ ಹೇಳಿದ, ಪರೀಕ್ಷೆಯೇ ಬೇಡವೆನ್ನಲಿಲ್ಲ. ಇನ್ನು ಅನುಪ್ರೇಕ್ಷೆಯ ಮಾತು. ವರ್ಷಕ್ಕೆ ನೂರು ಪುಸ್ತಕ ಓದುವ ಪಣ ತೊಟ್ಟವರಿಗೆ ಒಂದು ಪುಸ್ತಕವನ್ನು ಮುಚ್ಚಿಟ್ಟು ಎರಡು ದಿನ ಸುಮ್ಮನೆ ಇರಲು ಬಿಡುವೆಲ್ಲಿದೆ?

ನಾಲ್ಕನೆಯ ಅಂಗವಾದ ಆಮ್ನಾಯವನ್ನು ಕುರಿತು ತುಸು ವಿಸ್ತಾರವಾಗಿ ಹೇಳಬೇಕು. ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಇದನ್ನು ಉಚ್ಚಾರಶುದ್ಧಿಯೊಡನೆ ಮಾಡುವ ಪುನರಾವರ್ತನೆ ಎಂದು ವಿವರಿಸುತ್ತದೆ. ಪುಸ್ತಕವಿಮರ್ಶೆಯ ಮಟ್ಟಿಗೆ ಇದರ ಅರ್ಥ ಸರಳ: ಪುಸ್ತಕದ ಒಂದಿಷ್ಟು ಮಾತುಗಳನ್ನು ಇದ್ದದ್ದು ಇದ್ದಂತೆ ಓದುಗನ ಮುಂದಿಡುವುದು. ಇದರ ಮಹತ್ತ್ವವನ್ನು ಮಳಖೇಡದ ಕವಿರಾಜಮಾರ್ಗವೇ ತೋರಿಸುತ್ತದೆ, ಅದೂ ತನ್ನ ಲೋಪದಿಂದ. ಅದರಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಹೆಸರುಗಳಿವೆ. ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರೆಂಬ ಕವಿಗಳ ಹೆಸರುಗಳಿವೆ. ಇವರಾರ ಕನ್ನಡ ಕೃತಿಯೂ ಇಂದು ಉಳಿದಿಲ್ಲ. ಇನ್ನೊಂದೆಡೆ, ಲಕ್ಷಣಗಳಿಗೆ ಉದಾಹರಣೆಯಾಗಿ ಅನೇಕ ಪದ್ಯಗಳಿವೆ. ಅವುಗಳಲ್ಲಿ ಕೆಲವು ರಾಮಕಥೆಗೆ ಸಂಬಂಧಿಸಿದವು. ಅವು ಯಾರವೆಂದು ಗ್ರಂಥಕಾರ ಹೇಳುವುದಿಲ್ಲ. ಹೆಸರಿದ್ದಲ್ಲಿ ಪದ್ಯವಿಲ್ಲ, ಪದ್ಯವಿದ್ದಲ್ಲಿ ಹೆಸರಿಲ್ಲ. ಬರೆಯುವ ಕಾಲಕ್ಕೆ ಅದರ ಅಗತ್ಯ ಕಂಡಿರಲಿಕ್ಕಿಲ್ಲ, ಎಲ್ಲರ ನಾಲಗೆಯ ಮೇಲೂ ಇದ್ದ ಪದ್ಯಗಳವು. ಒಂದು ನಾಡಿನ ಆದಿಮ ಸಾಹಿತ್ಯದ ಇತಿಹಾಸವೇ ಆ ಎರಡು ಕೊರತೆಗಳ ನಡುವಿನ ಬಿರುಕಿನಲ್ಲಿ ಜಾರಿಹೋಯಿತು.

ಇದಕ್ಕೆ ಎದುರಾಗಿ ಒಂದನೆಯ ಗುಣವರ್ಮನನ್ನು ನೋಡಬಹುದು. ಅವನ ಶೂದ್ರಕವೂ ಹರಿವಂಶವೂ ಉಪಲಬ್ಧವಿಲ್ಲ. ಆದರೂ ಅವನು ಬರಿಯ ಹೆಸರಾಗಿ ಉಳಿದಿಲ್ಲ. ಮುಂದಿನವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಪದ್ಯಗಳಿಂದಾಗಿ ಅವನ ದನಿ ಅಷ್ಟಿಷ್ಟು ಕೇಳುತ್ತದೆ. ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಸುಮಾರು 1245ರಲ್ಲಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದ. 16ನೆಯ ಶತಮಾನದಲ್ಲಿ ಅಭಿನವ ವಾದಿ ವಿದ್ಯಾನಂದರು ಕಾವ್ಯಸಾರವನ್ನು ಸಂಕಲಿಸಿದರು. ಇಬ್ಬರೂ ವಿದ್ವಾಂಸರು, ನಿಜ. ಆದರೆ ಈ ಗ್ರಂಥಗಳಲ್ಲಿ ಅವರು ಕೈಗೊಂಡದ್ದು ಓದುಗನ ಕಾಯಕವನ್ನು. ಕಾವ್ಯಗಳನ್ನು ಓದುತ್ತ ಹೋಗಿ, ಮಳೆಗಾಲ, ಚಂದ್ರೋದಯ, ಸಮುದ್ರ ಎಂದು ವಿಷಯವಾರು ವಿಂಗಡಿಸಿ, ಮೆಚ್ಚಿದ ಪದ್ಯಗಳನ್ನು ಮುಂದಿನವರಿಗಾಗಿ ಎತ್ತಿಟ್ಟರು. ಪದ್ಯ ಏಕೆ ಚೆನ್ನಾಗಿದೆಯೆಂದು ಅವರು ಒಂದು ಮಾತೂ ಬರೆಯಲಿಲ್ಲ, ಪದ್ಯವನ್ನೇ ಕೊಟ್ಟರು.

ವರ್ಷದ ಕೊನೆಗೆ “ಈ ವರ್ಷ ಓದಿದ ಐವತ್ತು ಪುಸ್ತಕಗಳು” ಎಂದು ಮುಖಪುಟಗಳ ಚಿತ್ರ ಹಂಚುವವರು ಕವಿರಾಜಮಾರ್ಗದ ಹೆಸರಿನ ಪಟ್ಟಿಯನ್ನು ನೆನೆಯಬೇಕು. ಕನ್ನಡದಲ್ಲಿ ಒಂದು ಪುಸ್ತಕದ ಐನೂರೋ ಸಾವಿರವೋ ಪ್ರತಿ ಅಚ್ಚಾಗುವುದೇ ವಾಡಿಕೆ. ಮರುಮುದ್ರಣ ಕಾಣದ ಪುಸ್ತಕಗಳೇ ಹೆಚ್ಚು. ಐವತ್ತು ವರ್ಷಗಳ ಮೇಲೆ ಅವುಗಳಲ್ಲಿ ಅನೇಕವು ಎಲ್ಲಿಯೂ ಸಿಗಲಾರವು. ಆಗ ಉಪಯೋಗಕ್ಕೆ ಬರುವುದು “ಅದ್ಭುತ, ಓದಲೇಬೇಕು” ಎಂಬ ಮಾತಲ್ಲ, ಅಕ್ಷರ ತಪ್ಪದಂತೆ ಉದ್ಧರಿಸಿದ ಒಂದು ಪರಿಚ್ಛೇದ. ಗುರುಮಠಕಲ್‌ನಲ್ಲಿ ಪುಸ್ತಕ ತರಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವವನಿಗೆ ಇಂದೇ ಉಪಯೋಗವಾಗುವುದೂ ಅದೇ. ವಿಮರ್ಶಕನ ರುಚಿಯನ್ನು ಅವನು ನಂಬಬೇಕಾಗಿಲ್ಲ. ಲೇಖಕನ ವಾಕ್ಯವನ್ನು ತಾನೇ ತೂಗಿ ನೋಡಬಲ್ಲ.

ನಕ್ಷತ್ರಗಳ ವಿಷಯ ಇಲ್ಲಿಯೇ ಹೇಳಿ ಮುಗಿಸಬಹುದು. ಐದರಲ್ಲಿ ಇಷ್ಟು ನಕ್ಷತ್ರ ಎಂದು ಪುಸ್ತಕಕ್ಕೆ ಅಂಕ ಕೊಡುವ ಪದ್ಧತಿ ಗುಡ್‌ರೀಡ್ಸ್‌ನಂಥ ತಾಣಗಳಿಂದ ಕನ್ನಡಕ್ಕೂ ಬಂದಿದೆ. ಜೈನ ತಾರ್ಕಿಕರು ಒಂದು ವಸ್ತುವಿನ ಬಗ್ಗೆ ಆಡಬಹುದಾದ ಮಾತನ್ನು ಏಳು ಭಂಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ‘ಸ್ಯಾತ್’ ಎಂಬ ಪದವನ್ನು ಹಚ್ಚಿದರು. ಯಾವ ಅಪೇಕ್ಷೆಯಿಂದ ನೋಡಿದಾಗ ಈ ಮಾತು ಸತ್ಯ ಎಂಬುದು ಮಾತಿನೊಳಗೇ ಇರಬೇಕೆಂಬ ಎಚ್ಚರ ಅದು. ಅವುಗಳಲ್ಲಿ ‘ಅವಕ್ತವ್ಯ’ಕ್ಕೂ ಒಂದು ಸ್ಥಾನವಿತ್ತು. ನಕ್ಷತ್ರಗಳು ಐದೇ, ಅವುಗಳಲ್ಲಿ ಅವಕ್ತವ್ಯಕ್ಕೆ ಜಾಗವಿಲ್ಲ. ಪಂಪನಿಗೆ ನಾಲ್ಕು ಕೊಟ್ಟವರು ಉಳಿದ ಒಂದನ್ನು ಯಾವ ಅಪೇಕ್ಷೆಯಿಂದ ಹಿಡಿದಿಟ್ಟುಕೊಂಡರೆಂಬುದನ್ನು ತಿಳಿಯುವ ಉಪಾಯವೂ ಇಲ್ಲ.

ಹೆಚ್ಚು ಗಂಭೀರವಾದದ್ದು ಉಡುಗೊರೆಯ ಪ್ರತಿಗಳ ಪ್ರಶ್ನೆ. ಲೇಖಕರು ಪುಸ್ತಕವನ್ನು ಪ್ರೀತಿಯಿಂದ ಕಳುಹಿಸುತ್ತಾರೆ, ಪಡೆದವರು ದಾಕ್ಷಿಣ್ಯದಿಂದ ಬರೆಯುತ್ತಾರೆ. ಮುಂದೆ ಪಡೆದವರದೂ ಒಂದು ಪುಸ್ತಕ ಬರುತ್ತದೆ, ದಾಕ್ಷಿಣ್ಯ ಮರಳಿ ಸಂದಾಯವಾಗುತ್ತದೆ. ಇದು ಭ್ರಷ್ಟಾಚಾರವೆಂದು ಕೂಗುವುದು ಬೇಡ. ಕನ್ನಡದ ಪುಸ್ತಕಲೋಕ ಸಣ್ಣದು, ಎಲ್ಲರೂ ಎಲ್ಲರಿಗೂ ಪರಿಚಿತರು. ದೋಷವಿರುವುದು ಉಡುಗೊರೆಯಲ್ಲಲ್ಲ, ಅದನ್ನು ಮುಚ್ಚಿಡುವುದರಲ್ಲಿ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಪರಂಪರೆಗೆ ಪುಸ್ತಕದ ಉಡುಗೊರೆ ಅಪರಿಚಿತವಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ಇಂದಿಗೂ ಕೊಂಡಾಡುತ್ತದೆ. ಆದರೆ ಆ ದಾನಗಳು ಗುಟ್ಟಿನವಾಗಿರಲಿಲ್ಲ. ಮೂಡುಬಿದಿರೆಯಲ್ಲಿ ಉಳಿದುಬಂದಿರುವ ಮಹಾಬಂಧದ ಪ್ರತಿಯ ಪ್ರಶಸ್ತಿಯು, ಅದನ್ನು ಮಲ್ಲಿಕಬ್ಬೆ ಎಂಬವಳು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ದಾಖಲಿಸುತ್ತದೆ. ಯಾರು ಬರೆಯಿಸಿದರು, ಯಾವ ನಿಮಿತ್ತ, ಯಾರ ಕೈ ಸೇರಿತು ಎಂಬುದೆಲ್ಲ ಗ್ರಂಥದ ಕೊನೆಯಲ್ಲಿಯೇ ಬಹಿರಂಗ. ಲಿಪಿಕಾರರೋ ತಮ್ಮ ತಪ್ಪುಗಳನ್ನು ತಿದ್ದಿಕೊಳ್ಳಿರೆಂದು ಓದುವವರನ್ನು ಬೇಡಿಕೊಳ್ಳುತ್ತಿದ್ದರು. “ಈ ಪ್ರತಿಯನ್ನು ಲೇಖಕರು ಕಳುಹಿಸಿದರು, ಕೊನೆಯ ಅರವತ್ತು ಪುಟಗಳನ್ನು ಓದಿಲ್ಲ” ಎಂಬ ಪ್ರಶಸ್ತಿವಾಕ್ಯವೊಂದನ್ನು ಇಂದಿನ ಹವ್ಯಾಸಿ ವಿಮರ್ಶಕನೂ ಬರೆಯಬಾರದೆಂದೇನಿಲ್ಲ.

ಇಷ್ಟೆಲ್ಲ ಆಕ್ಷೇಪಗಳ ನಂತರವೂ ಹವ್ಯಾಸಿ ಓದುಗರು ಇನ್ನೂ ಹೆಚ್ಚು ಬರೆಯಬೇಕೆಂದೇ ಹೇಳಬೇಕಾಗುತ್ತದೆ, ವಿಶೇಷವಾಗಿ ಜೈನ ಸಾಹಿತ್ಯದ ಬಗ್ಗೆ. ಹೊಸ ಕಾದಂಬರಿಗೆ ಇಂದು ಹತ್ತು ಮಂದಿ ಪರಿಚಯಕಾರರು ಸಿಗುತ್ತಾರೆ. ನಾಗಚಂದ್ರನ ಮಲ್ಲಿನಾಥಪುರಾಣಕ್ಕೆ ಒಬ್ಬರೂ ದುರ್ಲಭ. ಪಂಡಿತರಿಗೆ ಮಾತ್ರ ಬಿಟ್ಟುಕೊಟ್ಟ ಗ್ರಂಥಕ್ಕೆ ಏನಾಗುತ್ತದೆಂಬುದನ್ನು ಮೂಡುಬಿದಿರೆಯ ಚರಿತ್ರೆ ಹೇಳುತ್ತದೆ. ವೀರಸೇನಾಚಾರ್ಯರ ಧವಲಾ ಟೀಕೆ ಮುಗಿದದ್ದು 816ರಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ. ಅವರು ಉಳಿಸಿಹೋದ ಜಯಧವಲಾವನ್ನು ಶಿಷ್ಯ ಜಿನಸೇನರು 837ರಲ್ಲಿ, ಅಮೋಘವರ್ಷನ ಆಳ್ವಿಕೆಯಲ್ಲಿ, ಪೂರ್ಣಗೊಳಿಸಿದರು. ಇವುಗಳ ಕನ್ನಡ ಲಿಪಿಯ ತಾಳೆಯೋಲೆ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಯಾತ್ರಿಕರು ಬಂದು ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಓದುವವರಿರಲಿಲ್ಲ. 1896ರಲ್ಲಿ ನಕಲು ಮಾಡುವ ಕೆಲಸ ತೊಡಗಿದಾಗಲೂ ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟುಪಾಡಿತ್ತು. ನಕಲಿಗೆ ನೇಮಕಗೊಂಡಿದ್ದ ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಹೀಗೆ ಹೊರಬಿದ್ದ ಪಾಠದಿಂದಲೇ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಲಕ್ಷ್ಮೀಬಾಯಿಯವರನ್ನು ಯಾವ ಪಂಡಿತಸಭೆಯೂ ಈ ಕೆಲಸಕ್ಕೆ ನೇಮಿಸಿರಲಿಲ್ಲ. ಮನೆಯಲ್ಲಿ ಕುಳಿತು ಬರೆದ ಆ ಗೃಹಿಣಿಯ ಪಾಲು ಆ ಸಂಪುಟಗಳಲ್ಲಿದೆ.

ಷಟ್ಖಂಡಾಗಮದ ರಚನೆ ಪೂರ್ಣಗೊಂಡ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅಂದು ಬಸದಿಗಳಲ್ಲಿ ಗ್ರಂಥಗಳನ್ನು ಕಪಾಟಿನಿಂದ ಹೊರತೆಗೆದು, ಧೂಳು ಒರೆಸಿ, ಹಳೆಯ ವೇಷ್ಟನ ಬಿಚ್ಚಿ ಹೊಸ ಬಟ್ಟೆಯಲ್ಲಿ ಕಟ್ಟಿ, ಪೂಜಿಸಿ ಮತ್ತೆ ಒಳಗಿಡುವ ವಾಡಿಕೆಯಿದೆ. ಹಳೆಯ ಬಟ್ಟೆ ಬಿಚ್ಚಿ ಹೊಸದನ್ನು ಕಟ್ಟುವ ನಡುವೆ ಕೆಲವು ನಿಮಿಷ ಗ್ರಂಥ ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೊಬ್ಬರು ಒಂದು ಪುಟ ಓದಿ, ಪಕ್ಕದಲ್ಲಿ ನಿಂತವರಿಗೆ ಅದರಲ್ಲಿ ಏನು ಬಂತೆಂದು ಹೇಳಬಹುದು; ತಿಳಿಯದಿದ್ದರೆ, ತಿಳಿಯಲಿಲ್ಲವೆಂದೂ ಹೇಳಬಹುದು.